ಮುಚ್ಚಳದ ಮೇಲೆ ಹತ್ತಿಯಕ್ಕ

ಬೆಳಿಗ್ಗೆ ಎಂಟು ಗಂಟೆ ಮೂವತ್ತೆರಡು ನಿಮಿಷಕ್ಕೆ ಹತ್ತಿಯಕ್ಕ ರಸ್ತೆ ಬದಿಯ ಕಬ್ಬಿಣದ ಮುಚ್ಚಳದ ಮೇಲೆ ಹಾಸಿಗೆ ಹಾಸುತ್ತಿದ್ದಳು. ಒಬ್ಬರು ಮಲಗುವಷ್ಟು ಅಗಲದ, ಒಂದು ಬದಿ ಇನ್ನೂ ಹೊಲಿಯದೆ ಉಳಿದಿದ್ದ ಹಾಸಿಗೆ. ನಾಲ್ಕು ಮೂಲೆಗಳನ್ನೂ ಎಳೆದು ಸರಿಮಾಡಿ, ಮಧ್ಯಕ್ಕೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, ದಬ್ಬಣಕ್ಕೆ ದಾರ ಪೋಣಿಸಿ, ಎಡಗೈಯಲ್ಲಿ ಹೊಲಿಯತೊಡಗಿದಳು.

ಆ ಮುಚ್ಚಳದ ಕೆಳಗಿನ ಗುಂಡಿಯಲ್ಲಿ ಎರಡು ವಾಲ್ವುಗಳಿದ್ದವು. ಮೇಲೂರಿನದು ಒಂದು, ಕೆಳಗೂರಿನದು ಇನ್ನೊಂದು. ರಾತ್ರಿಯೆಲ್ಲ ತುಂಬಿದ ಟ್ಯಾಂಕಿನ ನೀರು ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಮೇಲೂರಿಗೆ ಹರಿಯುತ್ತಿತ್ತು. ಆಮೇಲೆ ಆ ವಾಲ್ವು ಮುಚ್ಚಿ ಇನ್ನೊಂದನ್ನು ತೆರೆದರೆ ಟ್ಯಾಂಕಿನಲ್ಲಿ ಉಳಿದದ್ದು ಕೆಳಗೂರಿಗೆ. ತೆರೆಯುವ, ಮುಚ್ಚುವ ಕೆಲಸ ಎರಡೂರಿಗೂ ನೀರು ಸರಬರಾಜು ಮಾಡುವ ಕಂಪನಿಯ ನೀರಗಂಟಿಯದು. ಅವನು ಹತ್ತಿಯಕ್ಕನ ಒಡಹುಟ್ಟಿದ ತಮ್ಮ. ಅವತ್ತು ಅವನು ಎದೆಯುದ್ದದ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಸೈಕಲ್ಲಿನಿಂದ ಇಳಿದಾಗ ಮುಚ್ಚಳವೇ ಕಾಣಲಿಲ್ಲ. ಪಟ್ಟೆ ಬಟ್ಟೆಯ ಹಾಸಿಗೆ ಕಂಡಿತು, ಅದರ ಮೇಲೆ ಅಕ್ಕ ಕಂಡಳು.

“ಏಳಕ್ಕ, ಹೊತ್ತಾಯ್ತು,” ಎಂದ.

“ಇದೊಂದು ಬದಿ ಮುಗಿಸಿ ಏಳ್ತೀನಿ.”

“ಎಷ್ಟೊತ್ತು ಬೇಕು?”

“ಕಂಪನಿಯವರು ಬರೋಷ್ಟೊತ್ತು.”

ತಮ್ಮ ಕೀಲಿಯನ್ನು ಕೆಳಗಿಳಿಸಿದ. ಅಕ್ಕನ ದನಿ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳು ಕೂಗಾಡಿದರೆ ಸಮಾಧಾನ ಮಾಡಬಹುದು. ಹೀಗೆ ನೂಲಿನಷ್ಟು ಸಣ್ಣಗೆ ಮಾತಾಡಿದಳೆಂದರೆ ಆಮೇಲೆ ಯಾರ ಆಟವೂ ನಡೆಯುವುದಿಲ್ಲ.

ಮುಚ್ಚಳದಿಂದ ಹತ್ತು ಮಾರು ಆಚೆಗೆ ಅವಳ ಹಾಸಿಗೆ ಅಂಗಡಿಯಿತ್ತು. ಅಂಗಡಿಯ ಹಿಂದಿನ ಗೋಡೆಯ ಪಕ್ಕದಲ್ಲೇ ಮೇಲೂರಿನ ಮೈನ್ ಪೈಪು ಹೋಗುತ್ತಿತ್ತು. ಅಲ್ಲಿ ಈಗಲೂ ನೆಲದಿಂದ ನೀರು ಉಕ್ಕುತ್ತಿತ್ತು, ಹಾಲು ಉಕ್ಕಿದ ಹಾಗೆ, ಸದ್ದಿಲ್ಲದೆ.

ಅವಳನ್ನು ಹತ್ತಿಯಕ್ಕ ಎಂದು ಮೊದಲು ಕರೆದವರು ಯಾರೋ ಅವಳಿಗೂ ಗೊತ್ತಿಲ್ಲ. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆ ಹಾಸಿಗೆ ಮಾಡುತ್ತಿದ್ದರು. ಸೊಸೆ ಅದೇ ಕಸುಬಿಗೆ ಕೂತಳು. ಅಂಗಡಿಗೆ ಎರಡೇ ಕೋಣೆ. ಮುಂದಿನದರಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಓಡುವಾಗ ಕೋಣೆಯೆಲ್ಲ ಬಿಳಿಯ ಮಂಜು. ಒಳಗೆ ಹೋದ ಹುಡುಗ ಮುದುಕನಾಗಿ ಹೊರಗೆ ಬರುತ್ತಾನೆ ಎಂದು ಊರಿನವರು ನಗುತ್ತಿದ್ದರು, ಹುಬ್ಬು ಮೀಸೆಗಳೆಲ್ಲ ಅಷ್ಟು ಬೆಳ್ಳಗಾಗುತ್ತಿದ್ದವು. ಹಿಂದಿನ ಕೋಣೆಯಲ್ಲಿ ಹಲಗೆಗಳ ಮೇಲೆ ಸೂರಿನವರೆಗೂ ಹತ್ತಿ. ಗಿರಾಕಿಗಳು ತಂದುಕೊಟ್ಟ ಹಳೆಯ ಹತ್ತಿಯ ಮೂಟೆಗಳು ಬೇರೆ, ಹೊಸ ಹತ್ತಿ ಬೇರೆ. ಒಬ್ಬರ ಹತ್ತಿ ಇನ್ನೊಬ್ಬರದಕ್ಕೆ ಸೇರಬಾರದು. ಅದು ಅತ್ತೆಯ ಕಾಲದ ಕಟ್ಟುನಿಟ್ಟು. ಜನ ತಮ್ಮ ಮನೆಯಲ್ಲಿ ಹುಟ್ಟಿದವರು, ಸತ್ತವರು ಮಲಗಿದ್ದ ಹತ್ತಿಯನ್ನೇ ಮತ್ತೆ ಹಿಂಜಿಸಿಕೊಂಡು ಹೋಗುತ್ತಾರೆ, ಅದು ಅದಲುಬದಲಾದರೆ ಹೇಗೆ?

ಅತ್ತೆಯ ಪರೀಕ್ಷೆ ಸರಳವಾಗಿತ್ತು. ಹಾಸಿಗೆ ಮುಗಿದ ಮೇಲೆ ಅದರ ಮೇಲೆ ಕಣ್ಣು ಮುಚ್ಚಿ ಮಲಗುವರು. ಬೆನ್ನಿಗೆ ಎಲ್ಲಾದರೂ ಗಂಟು ಸಿಕ್ಕಿದರೆ ಎದ್ದು, ಕತ್ತರಿ ತಂದು ಹೊಲಿಗೆ ಬಿಚ್ಚಿಹಾಕುವರು. ಸೊಸೆಯ ಮೊದಲ ವರ್ಷದ ಹಾಸಿಗೆಗಳೆಲ್ಲ ಎರಡೆರಡು ಸಲ ಹುಟ್ಟಿದವು. ಅವಳು ಒಮ್ಮೆಯೂ ಎದುರಾಡಲಿಲ್ಲ. ಹೆದರಿಕೆಯಿಂದಲ್ಲ, ಗಂಟು ನಿಜವಾಗಿಯೂ ಇರುತ್ತಿತ್ತು. ತಪ್ಪು ತನ್ನದಾದರೆ ತಲೆ ತಗ್ಗಿಸುವುದು, ಇಲ್ಲದಿದ್ದರೆ ದೇವರು ಬಂದರೂ ತಗ್ಗಿಸದಿರುವುದು, ಇವೆರಡೇ ಅವಳಿಗೆ ಗೊತ್ತಿದ್ದದ್ದು. ಶಾಲೆಯಲ್ಲಿ ಮೇಷ್ಟ್ರು ಎಡಗೈ ಬಿಟ್ಟು ಬಲಗೈಯಲ್ಲಿ ಬರೆ ಎಂದಾಗ ಅವಳು ಅಳಲಿಲ್ಲ, ವಾದಿಸಲಿಲ್ಲ, ದಿನಾ ಖಾಲಿ ಸ್ಲೇಟನ್ನೇ ತೋರಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮೇಷ್ಟ್ರೇ ಸೋತು, ಯಾವ ಕೈಯಲ್ಲಾದರೂ ಬರಿ ತಾಯಿ, ಬರಿ ಎಂದರು. ಈಗಲೂ ಅವಳ ಹೊಲಿಗೆ ಎಲ್ಲರ ಹೊಲಿಗೆ ವಾಲುವ ಕಡೆಗೆ ವಾಲುವುದಿಲ್ಲ. ಯಾವ ಮನೆಯ ಹಾಸಿಗೆಯೇ ಆಗಲಿ, ಅದು ಅವಳದೋ ಅಲ್ಲವೋ ಎಂದು ಅಂಚು ನೋಡಿ ಹೇಳಬಹುದು.

ಅತ್ತೆ ತೀರಿಕೊಂಡ ಮೇಲೆ ಅಂಗಡಿ ಅವಳದಾಯಿತು. ಗಂಡ ಟ್ರ್ಯಾಕ್ಟರ್ ಮೆಕ್ಯಾನಿಕ್. ದಿನವಿಡೀ ಯಾರದೋ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗಿರುವ ಮನುಷ್ಯ. ಮಾತು ಕಡಿಮೆ, ಆಡಿದರೆ ನಟ್ಟು ಬಿಗಿದ ಹಾಗೆ. ಒಬ್ಬಳೇ ಮಗಳನ್ನು ಕೆಳಗೂರಿಗೆ ಕೊಟ್ಟಿದ್ದರು.

ಹಿಂದಿನ ಗೋಡೆಯಲ್ಲಿ ತೇವ ಕಾಣಿಸಿಕೊಂಡಾಗ ಹತ್ತಿಯಕ್ಕ ಮೊದಲು ಸೂರನ್ನು ಬೈದಳು. ಗಂಡ ಸೂರು ಹತ್ತಿ ನೋಡಿ, ಮೇಲೆ ಎಲ್ಲ ಒಣಗಿದೆ ಎಂದ. ನೀರು ಕೆಳಗಿನಿಂದ ಏರುತ್ತಿತ್ತು. ಹತ್ತಿಗೆ ನೀರು ತಾಕಲೇಬೇಕೆಂದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಸಾಕು, ಹೀರಿಕೊಂಡು ಸುಮ್ಮನೆ ಕೂತಿರುತ್ತದೆ. ಕೈಗೆ ಗೊತ್ತಾಗುವುದಿಲ್ಲ. ಹೊಲಿದು, ಮನೆ ಸೇರಿ, ಮೇಲೆ ಮೈ ಬಿದ್ದು ಬೆಚ್ಚಗಾದ ಮೇಲೆ ಗೊತ್ತಾಗುತ್ತದೆ. ಹಾಗೆ ಒಂದು ದಿನ ಅಂಚೆಯವನು ಹಾಸಿಗೆಯನ್ನು ಸೈಕಲ್ಲಿನ ಮೇಲೆ ಕಟ್ಟಿಕೊಂಡು ವಾಪಸು ತಂದ. ಬಾಗಿಲಲ್ಲಿ ಜನವಿದ್ದರೆಂದು ದನಿ ತಗ್ಗಿಸಿ, ಮಗು ಇದರ ಮೇಲೆ ಮಲಗೋದಿಲ್ಲ ಅನ್ನುತ್ತೆ, ಏನೋ ವಾಸನೆಯಂತೆ, ಎಂದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವನು ಮೆಲ್ಲಗೆ ಹೇಳಿದ್ದು ಒಳಗೆ ಇಳಿಯಿತು. ಅವನ ಮುಂದೆಯೇ ಹೊಲಿಗೆ ಬಿಚ್ಚಿ, ಹತ್ತಿ ಹೊರಗೆ ತೆಗೆದು, ಮೂಗಿಗೆ ಹಿಡಿದಳು. ಗುಹೆಯ ವಾಸನೆ.

ಅಂದಿನಿಂದ ಅವಳು ಹಿಂದಿನ ಕೋಣೆಯ ಹತ್ತಿಯನ್ನೆಲ್ಲ ಮುಂದಕ್ಕೆ ತಂದು ಪೇರಿಸಿದಳು. ಯಂತ್ರ ತಿರುಗಿಸಲು ಜಾಗವಿಲ್ಲದಂತಾಯಿತು. ಗೋಡೆ ಮಾತ್ರ ನಿಲ್ಲಲಿಲ್ಲ. ಮೂಲೆಯಿಂದ ಒಂದು ಬಿರುಕು ಕಿಟಕಿಯ ಕಡೆಗೆ ಹೊರಟಿತು. ಗಂಡ ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ಇದು ಹರಿದರೆ ಗೋಡೆ ಇನ್ನೂ ಸರೀತಿದೆ ಅಂತ ಅರ್ಥ, ಎಂದ. ಪಟ್ಟಿ ಹರಿಯಿತು. ಇನ್ನೊಂದು ಅಂಟಿಸಿದರು, ಅದೂ ಹರಿಯಿತು. ಗೋಡೆ ಬಿದ್ದರೆ ಸೂರು ಬೀಳುತ್ತದೆ, ಸೂರು ಬಿದ್ದರೆ ಯಂತ್ರ ಹೋಗುತ್ತದೆ, ಯಂತ್ರ ಹೋದರೆ ಹತ್ತಿಯಕ್ಕನ ಕಸುಬೇ ಮುಗಿಯಿತು. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಕಂಪನಿಗೆ ಫೋನು ಮಾಡಿದಳು. ಆ ಕಡೆಯ ಹುಡುಗಿ ತುಂಬ ಮರ್ಯಾದೆಯಿಂದ ದೂರು ಬರೆದುಕೊಂಡು, ನಿಮ್ಮ ತಾಳ್ಮೆಗೆ ಧನ್ಯವಾದ ಎಂದಳು. ತಾಳ್ಮೆ ಇದ್ದಿದ್ದರೆ ನಾನ್ಯಾಕಮ್ಮ ಫೋನು ಮಾಡುತ್ತಿದ್ದೆ ಎಂದು ಹತ್ತಿಯಕ್ಕ ಕೇಳಿದ್ದಕ್ಕೆ, ಅದಕ್ಕೂ ಧನ್ಯವಾದ ಬಂತು.

ಕಂಪನಿಯ ತಪಾಸಣೆಯವನು ಬಂದದ್ದು ಮಧ್ಯಾಹ್ನ ಊಟದ ಹೊತ್ತಿನ ಮೇಲೆ. ಬೈಕು ನಿಲ್ಲಿಸಿ, ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದ. ಎಲ್ಲಿಗೆ ಹೋದರೂ ಅವನು ಹೀಗೇ ಹಿಮ್ಮಡಿಯಿಂದ ಒತ್ತುತ್ತಿದ್ದ. ಹಾಗಾಗಿ ಹತ್ತಿಯಕ್ಕ ಅವನಿಗೆ ಹಿಮ್ಮಡಿ ಸಾಹೇಬ ಎಂದು ಹೆಸರಿಟ್ಟಳು. ಸಂಜೆಗೆ ಗಂಡನ ಫೋನಿಗೆ ಸಂದೇಶ ಬಂತು: ನಿಮ್ಮ ದೂರು ಪರಿಹಾರವಾಗಿದೆ.

“ಪರಿಹಾರ ಆಗಿದೆಯಂತೆ,” ಎಂದ ಗಂಡ. “ಗೋಡೆಗೂ ಒಂದು ಮಾತು ಹೇಳಿಬಿಡು.”

ಮತ್ತೆ ದೂರು, ಮತ್ತೆ ಹಿಮ್ಮಡಿ, ಮತ್ತೆ ಪರಿಹಾರ. ಇದು ಎಷ್ಟೋ ಸಲ ಸುತ್ತಿದ ಮೇಲೆ ಹತ್ತಿಯಕ್ಕನಿಗೆ ಎಳೆ ಸಿಕ್ಕಿತು. ನೀರು ಉಕ್ಕುವುದು ಮೇಲೂರಿನ ಪೈಪಿನಲ್ಲಿ ನೀರಿದ್ದಾಗ ಮಾತ್ರ, ಎಂದರೆ ಬೆಳಿಗ್ಗೆ ಎಂಟೂವರೆಯೊಳಗೆ. ಕಂಪನಿಯ ಆಫೀಸು ಬಾಗಿಲು ತೆಗೆಯುವುದು ಹತ್ತಕ್ಕೆ. ಹಿಮ್ಮಡಿ ಸಾಹೇಬ ಬರುವಷ್ಟರಲ್ಲಿ ಪೈಪು ಖಾಲಿ, ಅಲ್ಲಿ ಕೆಸರು ಮಾತ್ರ. ಸೋರುವ ಪೈಪು ಮತ್ತು ಅದನ್ನು ನೋಡಬೇಕಾದ ಕಣ್ಣು ಒಂದೇ ಹೊತ್ತಿಗೆ ಒಂದೇ ಕಡೆ ಇರಲು ಕಂಪನಿಯ ವೇಳಾಪಟ್ಟಿಯಲ್ಲಿ ಅವಕಾಶವೇ ಇರಲಿಲ್ಲ.

ಬೆಳಿಗ್ಗೆ ಏಳಕ್ಕೆ ಬನ್ನಿ ಎಂದಳು. ತಪಾಸಣೆ ಹತ್ತರ ಮೇಲೆ ಎಂದರು. ಹಾಗಾದರೆ ಒಂದು ದಿನ ನೀರನ್ನೇ ಹನ್ನೊಂದಕ್ಕೆ ಬಿಡಿ ಎಂದಳು. ಅದು ಬೇರೆ ವಿಭಾಗ ಎಂದರು. ಗಂಡ ಬೆಳಿಗ್ಗೆ ನೀರು ಉಕ್ಕುವುದನ್ನು ವಿಡಿಯೋ ಮಾಡಿ ಕಳಿಸಿದ. ನಮ್ಮ ಸಿಬ್ಬಂದಿ ಸ್ಥಳದಲ್ಲಿ ತೆಗೆದದ್ದನ್ನು ಮಾತ್ರ ಪರಿಗಣಿಸುತ್ತೇವೆ ಎಂದು ಉತ್ತರ ಬಂತು. ಕೊನೆಗೆ ಬಂದ ಸಂದೇಶ ಸ್ವಲ್ಪ ಉದ್ದವಾಗಿತ್ತು. ಕಟ್ಟಡದ ಹಿಂಬದಿಯ ತೇವಕ್ಕೆ ಅಂಗಡಿಯವರೇ ಹೊರಗೆ ಚೆಲ್ಲುವ ಬಳಕೆಯ ನೀರು ಕಾರಣ ಎಂದು ತಪಾಸಣೆಯಲ್ಲಿ ಕಂಡುಬಂದಿದೆ.

ಗಂಡ ಇದನ್ನು ಓದಿ ಹೇಳಿದಾಗ ಹತ್ತಿಯಕ್ಕ ಇನ್ನೊಮ್ಮೆ ಓದಿಸಿದಳು. ಇಡೀ ಊರಿನಲ್ಲಿ ನೀರು ಮುಟ್ಟದೆ ನಡೆಯುವ ಕಸುಬು ಯಾವುದಾದರೂ ಇದ್ದರೆ ಅದು ಅವಳದು. ಕುಡಿಯುವ ಚೊಂಬನ್ನು ಕೂಡ ಅತ್ತೆ ಅಂಗಡಿಯೊಳಗೆ ತರಗೊಡುತ್ತಿರಲಿಲ್ಲ. ಬಾಯಾರಿದರೆ ಹೊರಗೆ ಹೋಗಿ ಕುಡಿದು, ಕೈ ಒರೆಸಿಕೊಂಡು ಒಳಗೆ ಬರಬೇಕು. ಅವಳು ಹಿಂದಿನ ಕೋಣೆಗೆ ಹೋಗಿ ದೀಪ ಹಾಕದೆ ನಿಂತಳು. ಬಿರುಕಿನಿಂದ ಸಂಜೆ ಬೆಳಕು ಒಳಗೆ ಬಂದು ನೆಲದ ಮೇಲೆ ಗೆರೆ ಎಳೆದಿತ್ತು.

ಮಾರನೆಯ ಬೆಳಿಗ್ಗೆ ಅವಳು ಹಾಸಿಗೆ ತೆಗೆದುಕೊಂಡು ಮುಚ್ಚಳದ ಕಡೆ ನಡೆದಳು.

“ನನ್ನ ಕೆಲಸ ಹೋಗುತ್ತೆ ಅಕ್ಕ,” ಎಂದ ತಮ್ಮ.

“ಅಡ್ಡಿ ಮಾಡಿದ್ರೆ ನೀನೇನು ಮಾಡ್ಬೇಕು ಅಂತ ಕಂಪನಿ ಹೇಳಿದೆ?”

“ಆಫೀಸಿಗೆ ಫೋನು ಮಾಡ್ಬೇಕು.”

“ಮಾಡು ಮತ್ತೆ. ಬಿಡದೆ ಮಾಡ್ತಾ ಇರು.”

ತಮ್ಮ ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಮತ್ತೆ ಮಾಡಿದ. ಹತ್ತು ಗಂಟೆಗೆ ಮುಂಚೆ ಅದನ್ನು ಎತ್ತುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಮಾಡುತ್ತಲೇ ಇದ್ದ, ಸಿಟ್ಟಿನಿಂದ, ಅಕ್ಕನ ಕಡೆ ಬೆನ್ನು ಹಾಕಿ. ಚಿಕ್ಕವನಿದ್ದಾಗ ಅವನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ಅವಳು. ಅವನ ಬೆನ್ನಿನ ಸಿಟ್ಟು ಅವಳಿಗೆ ಹೊಸದಲ್ಲ. ಅವಳು ಹೊಲಿಯುತ್ತಲೇ ಇದ್ದಳು.

ಒಂಬತ್ತೂಕಾಲಿನ ಹೊತ್ತಿಗೆ ಕೆಳಗೂರಿನ ದಾರಿಯಲ್ಲಿ ಖಾಲಿ ಕೊಡಗಳ ಸದ್ದು ಕೇಳಿಸಿತು. ಹೆಂಗಸರ ಗುಂಪು. ಎಲ್ಲರಿಗಿಂತ ಮುಂದೆ, ಬಕೆಟ್ಟನ್ನು ಬೀಸಿಕೊಂಡು ಬರುತ್ತಿದ್ದವಳು ಹತ್ತಿಯಕ್ಕನ ಬೀಗಿತಿ, ಮಗಳ ಅತ್ತೆ.

ಎರಡೂರಿನ ನಡುವೆ ನೀರಿನ ಜಗಳ ಹಳೆಯದು. ಕೆಳಗೂರಿನ ನಲ್ಲಿಗಳಲ್ಲಿ ನೀರು ಬರಬರುತ್ತ ದಾರದಷ್ಟು ಸಣ್ಣದಾಗಿತ್ತು. ಮೇಲೂರಿನವರು ನಲ್ಲಿಗೆ ಮೋಟಾರು ಹಾಕಿ ಎಳೆದುಕೊಳ್ಳುತ್ತಾರೆ ಎಂದು ಕೆಳಗೂರಿನವರು ತೀರ್ಮಾನಿಸಿಬಿಟ್ಟಿದ್ದರು. ಮೇಲೂರಿನಲ್ಲೂ ನೀರಿನ ರಭಸ ಇಳಿದಿತ್ತು. ಕೆಳಗೂರಿನವರು ನೀರಗಂಟಿಯ ಕಿವಿ ಕಚ್ಚಿ ಬೇಗ ವಾಲ್ವು ತಿರುಗಿಸಿಕೊಳ್ಳುತ್ತಾರೆ ಎಂಬುದು ಮೇಲೂರಿನ ತೀರ್ಮಾನ. ಒಬ್ಬರ ಮನೆಯ ಸಮಾರಂಭಕ್ಕೆ ಇನ್ನೊಬ್ಬರು ಹೋದರೂ ಬಚ್ಚಲ ಕಡೆ ಕಣ್ಣು ಹಾಯಿಸಿ ಮೋಟಾರು ಹುಡುಕುತ್ತಿದ್ದರು. ಹತ್ತಿಯಕ್ಕನ ಮಗಳಿಗೆ ಅತ್ತೆಮನೆಯಲ್ಲಿ ಬಿದ್ದ ಅಡ್ಡಹೆಸರೇ ಮೋಟಾರು.

ಬೀಗಿತಿ ಹಾಸಿಗೆಯ ಅಂಚಿಗೆ ಬಂದು ನಿಂತಳು.

“ಏನ್ರೀ ಬೀಗ್ತಿ, ಇಷ್ಟು ದಿನ ಮೋಟಾರಲ್ಲಿ ಎಳೀತಿದ್ರಿ. ಈಗ ನೀವೇ ಬಂದು ಕೂತ್ಬಿಟ್ರಾ?”

“ಕೂತೆ.”

“ಮಗಳು ಮನೇಲಿ ಖಾಲಿ ಹಂಡೆ ಮುಂದೆ ಕೂತಿದಾಳೆ. ಹೆತ್ತ ಕರುಳು ಚುರ್ ಅನ್ನಲ್ವಾ?”

“ಅನ್ನುತ್ತೆ. ಬನ್ನಿ, ನಿಮ್ಮ ನೀರು ಎಲ್ಲಿಗೆ ಹೋಗ್ತಿದೆ ಅಂತ ನೋಡಿ. ನಾನು ಎದ್ದು ತೋರಿಸೋ ಹಾಗಿಲ್ಲ. ಆ ಗೋಡೆ ಹಿಂದೆ ಹೋಗಿ.”

ಬೀಗಿತಿ ಅನುಮಾನದಿಂದ ಹೋದಳು, ಹಿಂದೆಯೇ ಗುಂಪೂ ಹೋಯಿತು. ಆ ಹೆಂಗಸರು ಈ ಹೊತ್ತಿನಲ್ಲಿ ಅಲ್ಲಿಗೆ ಎಂದೂ ಬಂದವರಲ್ಲ. ಬೆಳಿಗ್ಗೆ ಅವರೆಲ್ಲ ತಮ್ಮ ತಮ್ಮ ನಲ್ಲಿಯ ಮುಂದೆ ಕಾಯುತ್ತ ಕೂತಿರುತ್ತಿದ್ದರು. ಗೋಡೆಯ ಬುಡದಿಂದ ಎದ್ದ ನೀರು ಗದ್ದೆಯ ಅಂಚಿನವರೆಗೂ ಕಾಲುವೆಯಾಗಿ ಹರಿಯುತ್ತಿತ್ತು. ತಿಳಿ ನೀರು, ಕುಡಿಯುವ ನೀರು. ಬೀಗಿತಿ ಬಕೆಟ್ಟನ್ನು ಅಡ್ಡ ಹಿಡಿದಳು. ಕೈಬೆರಳು ಎಣಿಸುವಷ್ಟರಲ್ಲಿ ಅದು ತುಂಬಿ ಚೆಲ್ಲಿತು. ಅವಳ ಮನೆಯ ನಲ್ಲಿಯಲ್ಲಿ ಅದೇ ಬಕೆಟ್ಟು ತುಂಬುವಷ್ಟರಲ್ಲಿ ಒಂದು ಮನೆಗೆ ಬೇಕಾಗುವ ತರಕಾರಿ ಹೆಚ್ಚಿ ಮುಗಿಸಬಹುದಿತ್ತು.

ವಾಪಸು ಬಂದಾಗ ಅವಳ ಮುಖ ಬೇರೆಯಾಗಿತ್ತು. ಬಕೆಟ್ಟನ್ನು ಹಾಸಿಗೆಯ ಪಕ್ಕದಲ್ಲಿಟ್ಟು, “ಇದು ಎಷ್ಟು ವರ್ಷದಿಂದ?” ಎಂದು ಕೇಳಿದಳು. ಹತ್ತಿಯಕ್ಕ ಹಿಮ್ಮಡಿ ಸಾಹೇಬನ ಕಥೆಯನ್ನು ಹೊಲಿಯುತ್ತಲೇ ಹೇಳಿದಳು. ದೂರು, ಕೆಸರು, ಪರಿಹಾರ, ಕೊನೆಗೆ ತಾನೇ ಚೆಲ್ಲುವ ನೀರು. ಹೆಂಗಸರು ನಕ್ಕರು, ಆಮೇಲೆ ನಗು ನಿಂತಿತು.

ಅಷ್ಟು ಹೊತ್ತಿಗೆ ಟ್ಯಾಂಕಿನ ಕಡೆ ಹೋಗಿದ್ದ ತಮ್ಮ ಓಡಿಬಂದ. ಅವನ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಸೇರಿಕೊಂಡಿತ್ತು. ಟ್ಯಾಂಕು ಕಾಲು ಭಾಗಕ್ಕೆ ಇಳಿದಿದೆ. ಎಂಟೂವರೆಗೆ ನಿಲ್ಲಬೇಕಾದ ನೀರು ನಿಲ್ಲದಿದ್ದದ್ದು ಕಂಡು ಮೇಲೂರಿನವರೆಲ್ಲ ತೊಟ್ಟಿ, ಡ್ರಮ್ಮು, ಬೋಗುಣಿ ಎಲ್ಲ ಹೊರಗಿಟ್ಟು ತುಂಬಿಸಿಕೊಳ್ಳುತ್ತಿದ್ದಾರೆ. ಹೀಗೇ ಬಿಟ್ಟರೆ ಆಫೀಸಿನವರು ಬರುವಷ್ಟರಲ್ಲಿ ಟ್ಯಾಂಕು ತಳ ಕಾಣುತ್ತದೆ.

ಹತ್ತಿಯಕ್ಕನ ದಬ್ಬಣ ಅವತ್ತು ಮೊದಲ ಬಾರಿ ನಿಂತಿತು. ತನ್ನ ಲೆಕ್ಕದಲ್ಲಿ ಇದು ಬಂದೇ ಇರಲಿಲ್ಲ. ಟ್ಯಾಂಕು ಖಾಲಿಯಾದರೆ ಸೋರಲು ನೀರಿರುವುದಿಲ್ಲ. ಹಿಮ್ಮಡಿ ಸಾಹೇಬ ಬರುತ್ತಾನೆ, ಕೆಸರು ಒತ್ತುತ್ತಾನೆ, ಫೋಟೋ ತೆಗೆಯುತ್ತಾನೆ. ಕೆಳಗೂರಿಗೆ ಹನಿ ನೀರಿಲ್ಲ, ಗೋಡೆ ಇದ್ದಲ್ಲೇ, ಸಾಲದ್ದಕ್ಕೆ ನೀರು ನಿಲ್ಲಿಸಿದ ಅಪವಾದ ಅವಳ ತಲೆಯ ಮೇಲೆ. ಎದ್ದುಹೋಗಿ ಮನೆಮನೆಗೆ ನಲ್ಲಿ ಮುಚ್ಚಿ ಎಂದು ಹೇಳೋಣವೆಂದರೆ ಮುಚ್ಚಳ ಬಿಡುವಂತಿಲ್ಲ. ಅವಳು ಎದ್ದರೆ ವಾಲ್ವು ತಿರುಗಿಸದೆ ತಮ್ಮನಿಗೆ ಬೇರೆ ದಾರಿಯಿಲ್ಲ. ಗಂಡ ಯಾರದೋ ಹೊಲದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಬೆಳಿಗ್ಗೆಯೇ ಹೋಗಿದ್ದ.

ಅವಳು ಬೀಗಿತಿಯ ಮುಖ ನೋಡಿದಳು. ಮೇಲೂರಿನ ಮಗಳನ್ನು ಮೋಟಾರು ಎಂದು ಕರೆಯುವವಳನ್ನು ಏನೆಂದು ಕೇಳುವುದು?

ಬೀಗಿತಿಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ.

“ನೀವು ಕೂತಿರಿ,” ಎಂದಳು. “ಮೇಲೂರಿನ ಬಚ್ಚಲೊಳಗೆ ನುಗ್ಗಬೇಕು ಅಂತ ನಮಗೆ ಎಷ್ಟು ವರ್ಷದ ಆಸೆ.”

ಕೆಳಗೂರಿನ ಹೆಂಗಸರು ಬೀದಿಗೆ ಇಬ್ಬರಂತೆ ಹಂಚಿಕೊಂಡು ಮೇಲೂರಿನೊಳಗೆ ಹೊಕ್ಕರು. ಬಾಗಿಲು ಬಡಿದರು, ತೆರೆದಿದ್ದರೆ ಬಡಿಯದೆ ಒಳಗೆ ಹೋದರು. ನಲ್ಲಿ ಮುಚ್ಚಿಸಿದರು. ಮುಚ್ಚದಿದ್ದವರ ನಲ್ಲಿಯನ್ನು ತಾವೇ ತಿರುಗಿಸಿದರು. ಜಗಳವೂ ಆಯಿತು. ಒಬ್ಬಾಕೆ, ನಿಮ್ಮೂರಿಂದ ಬಂದು ನಮ್ಮ ನಲ್ಲಿ ಮುಟ್ಟೋಕೆ ನೀವ್ಯಾರು ಎಂದು ಬೀಗಿತಿಯನ್ನು ತಡೆದಳು. ನಾನು ಹತ್ತಿಯಕ್ಕನ ಕಡೆಯವಳು ಎಂದಳಂತೆ ಬೀಗಿತಿ. ಈ ಮಾತು ಹತ್ತಿಯಕ್ಕನ ಕಿವಿಗೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ, ಮಗಳ ಬಾಯಿಂದ. ಅಂತೂ ಅವತ್ತು ಎಲ್ಲ ಬಚ್ಚಲುಗಳನ್ನೂ ಕಣ್ಣಾರೆ ಕಂಡ ಕೆಳಗೂರಿನವರಿಗೆ ಒಂದು ವಿಷಯ ಖಚಿತವಾಯಿತು: ಮೇಲೂರಿನಲ್ಲಿ ಎಲ್ಲೂ ಮೋಟಾರು ಇರಲಿಲ್ಲ. ಆ ನಿರಾಶೆಯಿಂದ ಅವರು ಚೇತರಿಸಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಹತ್ತು ಗಂಟೆಗೆ ಫೋನು ಎತ್ತಿದವರಿಗೆ ತಮ್ಮ ನಡೆದದ್ದನ್ನೆಲ್ಲ ವರದಿ ಒಪ್ಪಿಸಿದ. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕೆಳಗೂರಿನ ಫೋನುಗಳು. ಒಬ್ಬ ಹೆಂಗಸಿನ ಗೋಡೆ ಬೀಳುವುದು ಕಂಪನಿಗೆ ಒಂದು ದೂರು; ಒಂದು ಊರಿಗೇ ನೀರು ಬಾರದಿರುವುದು ಬೇರೆಯೇ ದೂರು. ನಲ್ಲಿ ಮುಚ್ಚಿಸಿ ಬಂದ ಹೆಂಗಸರು ಒಬ್ಬೊಬ್ಬರಾಗಿ ಹಾಸಿಗೆಯ ಮೇಲೆ ಜಾಗ ಮಾಡಿಕೊಂಡು ಕೂತರು. ಬೀಗಿತಿ ಕಾಲು ಚಾಚಿ ಕೂತು, ಒತ್ತಿ ನೋಡಿ, “ಚೆನ್ನಾಗಿದೆ ಕಣ್ರೀ. ನಮ್ಮನೆಗೆ ಹೀಗೆ ಮಾಡಿಕೊಡಲೇ ಇಲ್ಲ ನೀವು,” ಎಂದಳು.

ಹಿಮ್ಮಡಿ ಸಾಹೇಬ ಬಂದಾಗ ಹನ್ನೊಂದಕ್ಕೆ ಹತ್ತು ನಿಮಿಷ. ಬಂದವನೇ ಬೈಕಿನ ಮೇಲಿಂದಲೇ ಮುಚ್ಚಳದ ಫೋಟೋ ತೆಗೆದ. ಅಡ್ಡಿ ಮಾಡಿದವರದು ಮೊದಲು ಎಂದ. ಏಳಿ ಎಂದ, ಕಂಪನಿಯ ಆಸ್ತಿಯ ಮೇಲೆ ಕೂರುವುದು ಅಪರಾಧ ಎಂದ. ಹತ್ತಿಯಕ್ಕ ಅವನ ಮಾತು ಮುಗಿಯುವವರೆಗೆ ಕಾದಳು.

“ಅಲ್ಲಿ ಹೋಗಿ ಒತ್ತಿ ಬನ್ನಿ ಸಾರ್,” ಎಂದಳು. “ಆಮೇಲೆ ಏಳ್ತೀನಿ.”

ಅವನು ಗೋಡೆಯ ಹಿಂದೆ ಹೋದ. ಕೆಳಗೂರಿನ ಹೆಂಗಸರೂ ಅಷ್ಟರಲ್ಲಿ ಬಂದು ಸೇರಿದ್ದ ಮೇಲೂರಿನವರೂ ಆ ಕಡೆಗೇ ಕತ್ತು ಚಾಚಿದರು. ಟ್ಯಾಂಕಿನಲ್ಲಿ ಇನ್ನೂ ಮೊಳದಷ್ಟು ನೀರಿತ್ತು. ಗೋಡೆಯ ಹಿಂದಿನಿಂದ ಮೊದಲು ಪಚಕ್ಕೆಂಬ ಸದ್ದು, ಆಮೇಲೆ ಒಂದು ಬೈಗುಳ. ಹಿಮ್ಮಡಿ ಊರಿದ ಕಡೆ ನೆಲ ಕುಸಿದು, ಮೊಣಕಾಲಿನವರೆಗೂ ಕಾಲು ಒಳಗೆ ಹೋಗಿತ್ತು. ಬೂಟು ಒಳಗೇ ಉಳಿಯಿತು. ಒಂದು ಕಾಲಲ್ಲಿ ಕುಂಟಿಕೊಂಡು ಬಂದು ಅವನು ಅಲ್ಲಿಂದಲೇ ಆಫೀಸಿಗೆ ಫೋನು ಹಚ್ಚಿದ. ಅಗೆಯುವ ಯಂತ್ರ ಬೇಕು, ಹೊಸ ಪೈಪು ಬೇಕು, ಇವತ್ತೇ ಬೇಕು, ಎಂದ.

ಹತ್ತಿಯಕ್ಕ ದಾರ ಕಚ್ಚಿ ಕಡಿದು, ದಬ್ಬಣವನ್ನು ಬಟ್ಟೆಗೆ ಸಿಕ್ಕಿಸಿ, ಎದ್ದಳು. ತಮ್ಮ ವಾಲ್ವು ತಿರುಗಿಸಿದ. ಟ್ಯಾಂಕಿನಲ್ಲಿದ್ದಷ್ಟು ನೀರು ಕೆಳಗೂರಿಗೆ ಹೋಯಿತು.

ಅಗೆದಾಗ ಕಂಡದ್ದು ಇಷ್ಟೇ. ಪೈಪು ಹಾಕಿದವರು ಒಂದು ಕಡೆ ಕೆಳಗಿದ್ದ ಬಂಡೆಯನ್ನು ತೆಗೆಯುವ ಗೋಜಿಗೆ ಹೋಗದೆ ಅದರ ಮೇಲೆಯೇ ಮಲಗಿಸಿದ್ದರು. ಮೇಲೆ ಲಾರಿ ಓಡಾಡಿದಂತೆಲ್ಲ ಪೈಪು ಬಂಡೆಗೆ ತಿಕ್ಕಿ ತಿಕ್ಕಿ ಸೀಳಿತ್ತು. ಗುಂಡಿಯ ಅಂಚಿನಲ್ಲಿ ನಿಂತು ನೋಡಿದ ಹತ್ತಿಯಕ್ಕ, ಬೆನ್ನಿಗೆ ಗಂಟು ಸಿಕ್ಕಿದೆ, ಬಿಚ್ಚಿ ಸರಿಮಾಡದೆ ಹಾಗೇ ಹೊಲಿದುಬಿಟ್ಟಿದ್ದಾರೆ ಎಂದಳು. ಬಂಡೆ ತೆಗೆಸದೆ ಹೊಸ ಪೈಪು ಇಳಿಸಗೊಡಲಿಲ್ಲ. ಕೂಲಿಯವರು ಗೊಣಗಿಕೊಂಡೇ ಬಂಡೆ ಒಡೆದು, ಮರಳು ಹಾಸಿ, ಅದರ ಮೇಲೆ ಪೈಪು ಇಟ್ಟರು.

ಗಂಡ ಗೋಡೆಗೆ ಹೊಸ ಕಾಗದದ ಪಟ್ಟಿ ಅಂಟಿಸಿದ. ಅದು ಹರಿಯಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಗೋಡೆ ಒಣಗಿತು, ಬಿರುಕಿಗೆ ಗಾರೆ ತುಂಬಿದರು, ಹತ್ತಿ ಮತ್ತೆ ಹಿಂದಿನ ಕೋಣೆಗೆ ಹೋಯಿತು. ಅಂಚೆಯವನ ಮಗುವಿನ ಹಾಸಿಗೆಯನ್ನು ಅವಳೇ ಹೊತ್ತು ಅವರ ಮನೆಗೆ ಮುಟ್ಟಿಸಿ, ಮಗುವನ್ನು ಮಲಗಿಸಿ, ಮೂಸಿ ನೋಡು ಅಂದಳಂತೆ.

ಕಂಪನಿ ಇಷ್ಟಕ್ಕೇ ಬಿಡಲಿಲ್ಲ. ವಾಲ್ವಿಗೆ ಅಡ್ಡಿ ಮಾಡಿದವರ ನಲ್ಲಿಗಳನ್ನೆಲ್ಲ ಕತ್ತರಿಸಬೇಕೆಂದು ಅವರ ನಿಯಮದಲ್ಲಿತ್ತು. ನೀರಗಂಟಿಯ ಮೇಲೆ ತಪ್ಪು ಹೊರಿಸಲು ಆಗಲಿಲ್ಲ. ಎಂಟೂ ಮೂವತ್ತೈದರಿಂದ ಅವನು ಮಾಡಿದ ಕರೆಗಳು, ಆಫೀಸಿನಲ್ಲಿ ಯಾರೂ ಎತ್ತದ ಕರೆಗಳು, ಅವರ ಯಂತ್ರದಲ್ಲೇ ದಾಖಲಾಗಿದ್ದವು. ಉಳಿದದ್ದು ಹಾಸಿಗೆಯ ಮೇಲಿದ್ದವರು. ಕೊನೆಗೆ ಹತ್ತಿಯಕ್ಕನ ಮನೆಯ ನಲ್ಲಿಯನ್ನು ಮಾತ್ರ ಕತ್ತರಿಸಿದರು, ಆರು ವಾರ. ಆ ಆರು ವಾರವೂ ಬೆಳಗಾಗುತ್ತಲೇ ಅವಳ ಹೊಸಲಿನ ಮುಂದೆ ತುಂಬಿದ ಕೊಡಗಳು ಇರುತ್ತಿದ್ದವು. ಯಾರು ತಂದಿಟ್ಟರೆಂದು ಅವಳು ಕೇಳಲಿಲ್ಲ. ಖಾಲಿ ಮಾಡಿ, ಒರೆಸಿ, ಬೋರಲು ಹಾಕಿಡುತ್ತಿದ್ದಳು. ಕೆಲವು ಕೊಡಗಳು ಕೆಳಗೂರಿನವೆಂದು ಅವುಗಳ ಕಂಠ ನೋಡಿದರೆ ತಿಳಿಯುತ್ತಿತ್ತು.

ಅವಳೊಬ್ಬಳ ನಲ್ಲಿ ಮಾತ್ರ ಹೋದದ್ದು ಹೇಗೆ ಎಂದು, ಕಂಪನಿ ಅವಳನ್ನು ವಿಚಾರಣೆಗೆ ಕರೆಸಿದ ದಿನ ಜೊತೆಗೆ ಹೋಗಿದ್ದ ಗಂಡ ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದ. ಅಷ್ಟುದ್ದ ಮಾತಾಡುವುದು ಅವನ ಜಾಯಮಾನವಲ್ಲ, ಇದೊಂದನ್ನು ಬಿಟ್ಟು.

ಕಂಪನಿಯ ಆಫೀಸಿನ ಮಹಡಿ ಕೋಣೆ. ಗಾಜು ಹಾಸಿದ ಮೇಜು, ನಿಧಾನವಾಗಿ ತಿರುಗುವ ಫ್ಯಾನು, ಮುಚ್ಚಿಟ್ಟ ನೀರಿನ ಲೋಟ. ಮೇಜಿನ ಆಚೆ ಕನ್ನಡಕದ ಅಧಿಕಾರಿ, ಪಕ್ಕದಲ್ಲಿ ಹೊಸ ಬೂಟಿನ ಹಿಮ್ಮಡಿ ಸಾಹೇಬ. ಅಧಿಕಾರಿ ಒಳ್ಳೆಯ ಮಾತಿನಲ್ಲೇ ಶುರುಮಾಡಿದ. ನೀವೊಬ್ಬರೇ ಯಾಕೆ ಕಷ್ಟ ಅನುಭವಿಸಬೇಕು, ಅವತ್ತು ಯಾರ್ಯಾರು ಕೂತಿದ್ದರೆಂದು ಹೇಳಿಬಿಡಿ, ನಿಮ್ಮ ಮೇಲಿನದು ಹಗುರವಾಗುತ್ತದೆ, ಎಂದ. ಹತ್ತಿಯಕ್ಕ ಫ್ಯಾನು ನೋಡಿದಳು. ಅಧಿಕಾರಿ ದೊಡ್ಡದಾಗಿ ಮುದ್ರಿಸಿದ ಫೋಟೋ ಒಂದನ್ನು ಅವಳ ಮುಂದೆ ಸರಿಸಿದ. ಹಿಮ್ಮಡಿ ಸಾಹೇಬ ಬೈಕಿನ ಮೇಲಿಂದ ತೆಗೆದದ್ದು. ಹಾಸಿಗೆಯ ಪಟ್ಟೆ ಕೂಡ ಕಾಣದಷ್ಟು ಹೆಂಗಸರು. ನಟ್ಟನಡುವೆ ಬೀಗಿತಿ, ಕಾಲು ಚಾಚಿ, ತೊಡೆಯ ಮೇಲೆ ಬಕೆಟ್ಟಿಟ್ಟುಕೊಂಡು, ನೇರವಾಗಿ ಕ್ಯಾಮರಾ ನೋಡುತ್ತಿದ್ದಾಳೆ.

“ಸರಿಯಾಗಿ ನೋಡಿ ಹೇಳಿ,” ಎಂದ ಅಧಿಕಾರಿ. “ಮುಚ್ಚಳದ ಮೇಲೆ ಎಷ್ಟು ಜನ ಇದ್ದಾರೆ?”

ಹತ್ತಿಯಕ್ಕ ಗಂಡನ ಕಡೆ ಕೈ ಚಾಚಿ ಅವನ ಕನ್ನಡಕ ಇಸಿದುಕೊಂಡು ಹಾಕಿಕೊಂಡಳು. ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಈ ಅಂಚಿನಿಂದ ಆ ಅಂಚಿನವರೆಗೆ ಒಂದೊಂದು ಮುಖವನ್ನೂ ಸಾವಕಾಶವಾಗಿ ನೋಡಿದಳು. ಫೋಟೋವನ್ನು ಗಾಜಿನ ಮೇಲೆ ನೆಟ್ಟಗೆ ಇಟ್ಟಳು. ಕೋಣೆಯ ಬಾಗಿಲಾಚೆ ಕೂತವರಿಗೂ ಕೇಳಿಸುವ ಹಾಗೆ ಹೇಳಿದಳು:

“ಒಬ್ಬಳೇ.”